ಮನ್ರೋ ಸಾಹೇಬನ ಮೂಲ, ನಮ್ಮ ಮೂಲ

ವಂಶಾವಳಿ ಯಾರಿಗೆ ಉಂಟು? ಯಾರಿಗೆ ಇಲ್ಲ?

ಈ ಪ್ರಶ್ನೆ ನಮಗೆ ಹುಟ್ಟಿದ್ದು ಮಣಿಪಾಲದ ಒಂದು ಲೈಬ್ರರಿಯಲ್ಲಿ. ನಾವು ಹುಡುಕಿಕೊಂಡು ಹೋದದ್ದು ನಮ್ಮ ಸೀಮೆಯ ಭೂಮಿಯ ಚರಿತ್ರೆಯನ್ನು. ಕೈಗೆ ಸಿಕ್ಕಿದ್ದು ಒಬ್ಬ ದೊರೆಯ ಮನೆತನದ ಚರಿತ್ರೆ. ಅವನ ಹೆಸರು ಥಾಮಸ್ ಮನ್ರೋ. ನಮ್ಮ ಉಡುಪಿ, ಕಾಪು, ಕಾರ್ಕಳಗಳೆಲ್ಲ ಸೇರಿದ್ದ ಕೆನರಾ ಜಿಲ್ಲೆಗೆ ಕಂಪನಿ ಸರಕಾರದ ಮೊದಲ ಕಲೆಕ್ಟರ್. ಅವನ ಅಪ್ಪ ಯಾರು, ಅಮ್ಮ ಯಾರು, ಯಾವ ತಾರೀಕು ಹುಟ್ಟಿದ, ಯಾವ ಹಡಗದ ಕಾಲದಲ್ಲಿ ಬಂದ, ಊರಲ್ಲಿದ್ದ ಸಹೋದರಿಗೆ ಏನು ಬರೆದ, ನಮ್ಮ ಮಳೆಯನ್ನು ಎಷ್ಟು ಬೈದ, ಎಲ್ಲ ಅಚ್ಚಾಗಿದೆ. ಅವನು ಸತ್ತ ಮೂರೇ ವರ್ಷಕ್ಕೆ, 1830ರಲ್ಲಿ, ಗ್ಲೀಗ್ ಎಂಬವನು ಅವನ ಜೀವನಚರಿತ್ರೆಯನ್ನು ಪತ್ರಗಳ ಸಮೇತ ಹೊರತಂದ.

ಇದೇ ಮಣಿಪಾಲದ ಗುಡ್ಡದ ಮೇಲೆ ಕಟ್ಟಡಗಳು ಏಳುವಾಗ ಕೆಂಪುಕಲ್ಲು ಹೊತ್ತವರು ನಮ್ಮ ಅಮ್ಮಂದಿರು. ಅವರ ಹೆಸರು ಯಾವ ಪುಸ್ತಕದಲ್ಲಿ ಇದೆ? ಕಂತ್ರಾಟುದಾರನ ಕೂಲಿ ಪಟ್ಟಿಯಲ್ಲಾದರೂ ಪೂರ್ತಿ ಬರೆದಿದ್ದರೋ ಇಲ್ಲವೋ.

ಸರಿ. ಮೊದಲು ಮನ್ರೋನ ಮೂಲವನ್ನೇ ನೋಡೋಣ. ಆಮೇಲೆ ನಮ್ಮದು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಪ್ಪ ಅಲೆಕ್ಸಾಂಡರ್ ಮನ್ರೋ ವ್ಯಾಪಾರಿ. ಏನು ವ್ಯಾಪಾರ? ಹೊಗೆಸೊಪ್ಪು. ಅಮೆರಿಕದ ವರ್ಜೀನಿಯಾದಿಂದ ಹಡಗಿನಲ್ಲಿ ಬರುತ್ತಿದ್ದ ಹೊಗೆಸೊಪ್ಪಿನಿಂದ ಆ ಕಾಲದ ಗ್ಲಾಸ್ಗೋ ಶ್ರೀಮಂತವಾಯಿತು. ಅಲ್ಲಿ ಇವತ್ತಿಗೂ ವರ್ಜೀನಿಯಾ ಬೀದಿ ಅಂತ ಒಂದು ಬೀದಿ ಇದೆ. ಆ ಹೊಗೆಸೊಪ್ಪನ್ನು ಬೆಳೆದವರು ಯಾರು? ಆಫ್ರಿಕಾದಿಂದ ಸರಪಳಿ ಹಾಕಿ ಸಾಗಿಸಿ ತಂದ ಕಪ್ಪು ಜನ. ಅವರ ಬೆವರು ಎಲೆಯಾಯಿತು, ಎಲೆ ಹಣವಾಯಿತು, ಹಣ ಗ್ಲಾಸ್ಗೋದ ಹುಡುಗರನ್ನು ಯೂನಿವರ್ಸಿಟಿಗೆ ಕಳಿಸಿತು. ಮನ್ರೋ ಅಲ್ಲಿಯೇ ಓದಿದ.

1775ರಲ್ಲಿ ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ತಿರುಗಿ ಬಿದ್ದವು. ಹೊಗೆಸೊಪ್ಪಿನ ವ್ಯಾಪಾರ ಮುರಿಯಿತು. ಅಲೆಕ್ಸಾಂಡರ್ ಮನ್ರೋ ದಿವಾಳಿಯ ಅಂಚಿಗೆ ಬಂದ. ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿದ್ದ ಮಗ ಸಿಪಾಯಿಗಿರಿ ಹಿಡಿದ. ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಗೆ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ವಯಸ್ಸು ಹದಿನೆಂಟು.

ಅಂದರೆ, ಗೆಳೆಯರೇ, ನಮ್ಮ ಸೀಮೆಯ ಮೊದಲ ಕಲೆಕ್ಟರ್ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಹುಡುಗ. ಸಂಬಳದಲ್ಲಿ ಉಳಿಸಿ ಅಪ್ಪನಿಗೆ ಹಣ ಕಳಿಸುತ್ತಿದ್ದ. ನಮ್ಮ ಚಿಕ್ಕಪ್ಪಂದಿರು ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು ಮನಿಯಾರ್ಡರ್ ಕಳಿಸಿದ ಹಾಗೆಯೇ. ವ್ಯತ್ಯಾಸ ಇಷ್ಟೆ. ಅವನ ವಲಸೆಗೆ 'ಸೇವೆ' ಅಂತ ಹೆಸರು, ಪೆನ್ಶನ್ ಉಂಟು, ಬಿರುದು ಉಂಟು. ನಮ್ಮವರ ವಲಸೆಗೆ 'ಊರು ಬಿಟ್ಟು ಓಡಿದ' ಅಂತ ಹೆಸರು.

ಬಂದ ವರ್ಷವೇ ಹೈದರಾಲಿಯ ದಂಡು ಕರ್ನಾಟಕ್ ಸೀಮೆಗೆ ನುಗ್ಗಿತು. ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ಪಡೆ ನಾಶವಾದಾಗ ಮನ್ರೋ ಕಂಚಿಯಲ್ಲಿದ್ದ ಇನ್ನೊಂದು ಪಡೆಯಲ್ಲಿದ್ದ. ಮುಂದೆ ಟಿಪ್ಪುವಿನ ಮೇಲೆ ನಡೆದ ಯುದ್ಧ. 1792ರಿಂದ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ. ಕತ್ತಿ ಹಿಡಿದ ಕೈ ಲೆಕ್ಕದ ಪುಸ್ತಕ ಹಿಡಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನಮ್ಮ ಕರಾವಳಿ ಕಂಪನಿಯ ಕೈ ಸೇರಿತು. ಅದೇ ವರ್ಷ ಮನ್ರೋನನ್ನು ಕೆನರಾಕ್ಕೆ ಕಳಿಸಿದರು.

ಅವನಿಗೆ ಈ ಸೀಮೆ ಹಿಡಿಸಲಿಲ್ಲ. ಬಿಡದ ಮಳೆ, ದಾರಿಯಿಲ್ಲದ ಕಾಡು, ತುಂಬಿದ ಹೊಳೆ. ನನ್ನನ್ನು ಬೇರೆ ಕಡೆ ಹಾಕಿ ಅಂತ ಬೇಡಿಕೊಂಡ. 1800ರ ಕೊನೆಯ ಹೊತ್ತಿಗೆ ಬಳ್ಳಾರಿ, ಕಡಪ ಕಡೆಗೆ ಹೊರಟುಹೋದ. ಇಲ್ಲಿದ್ದದ್ದು ಒಂದೂವರೆ ವರ್ಷಕ್ಕಿಂತ ಕಮ್ಮಿ. ಆದರೆ ಆ ಅವಧಿಯಲ್ಲಿ ಅವನು ಬರೆದ ವರದಿಗಳು ಮುಂದೆ ಬಹಳ ಕಾಲ ನಮ್ಮ ನೆಲದ ಮೇಲೆ ಬಿದ್ದ ನೆರಳು.

ಏನು ಬರೆದ?

ಘಟ್ಟದ ಮೇಲಿನ ಹಾಗೆ ಇಲ್ಲಿ ಭೂಮಿ ಸರಕಾರದ್ದಲ್ಲ, ಖಾಸಗಿ ಆಸ್ತಿ ಅಂತ ಬರೆದ. ದಾನವಾಗಿ, ಕ್ರಯವಾಗಿ, ಇಲ್ಲವೆ ಬುಡ ಹುಡುಕಲಾಗದಷ್ಟು ಹಳೆಯ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಆಸ್ತಿ ಅಂತ ತೀರ್ಮಾನಿಸಿದ. ಅದಕ್ಕೆ ಆಧಾರ? ಶಾನುಭೋಗರ ಕಪ್ಪು ಕಡತಗಳು, ಹಳೆಯ ಸನ್ನದುಗಳು, ತಾಮ್ರಪಟ, ಕಲ್ಲು ಶಾಸನ. ವಿಜಯನಗರದ ಹರಿಹರನ ಕಾಲದಿಂದ ಕಂದಾಯ ಹೇಗೆ ನಡೆಯಿತು ಅಂತ ಲೆಕ್ಕ ಎಳೆದ. ಮನ್ರೋ ಕುಶಾಗ್ರಮತಿ, ಇದನ್ನು ಒಪ್ಪಬೇಕು. ಕಂದಾಯ ಭಾರವಾಗಬಾರದು ಎಂದೂ ವಾದಿಸಿದ. ನಾವು ಅವನನ್ನು ರಾಕ್ಷಸ ಅಂತ ಕರೆಯುತ್ತಿಲ್ಲ.

ನಾವು ಕೇಳುವುದು ಬೇರೆ. ಕಡತ ಯಾರ ಕೈಯಲ್ಲಿತ್ತು? ಸನ್ನದು ಯಾರ ಪೆಟ್ಟಿಗೆಯಲ್ಲಿತ್ತು? ತಾಮ್ರಪಟ ಯಾವ ಮಠದಲ್ಲಿತ್ತು? ಅಕ್ಷರ ಇದ್ದವನಿಗೆ ದಾಖಲೆ, ದಾಖಲೆ ಇದ್ದವನಿಗೆ ವಂಶ, ವಂಶ ಇದ್ದವನಿಗೆ ನೆಲ. ಅಕ್ಷರವೇ ಮುಟ್ಟಬಾರದೆಂದು ಹೊರಗಿಟ್ಟವನಿಗೆ? ಅವನು ಉತ್ತ ಗದ್ದೆಯಲ್ಲಿ ಅವನ ಹೆಜ್ಜೆ ಇದ್ದೀತು, ಹೆಸರು ಇಲ್ಲ.

ನಮ್ಮ ಜಿಲ್ಲೆಯ ಕಂದಾಯ ಭಾಷೆಯಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಮೂಲ. ಭೂಮಿಯ ಒಡೆತನಕ್ಕೆ ಮೂಲಿ. ಆ ಒಡೆಯನಿಗೆ ಮೂಲವರ್ಗದಾರ. ಅವನಿಂದ ಶಾಶ್ವತವಾಗಿ ಗೇಣಿಗೆ ಪಡೆದವನಿಗೆ ಮೂಲಗೇಣಿದಾರ. ಇವರೆಲ್ಲರ ಕೆಳಗೆ, ಗದ್ದೆಯ ಬದುವಿನ ಹಾಗೆ, ನೆಲಕ್ಕೇ ಅಂಟಿಸಿಟ್ಟ ಮನುಷ್ಯನಿಗೆ ಮೂಲದ ಹೊಲೆಯ. ಮೇಲಿನ ಮೂವರಿಗೆ 'ಮೂಲ' ಎಂದರೆ ಹಕ್ಕು. ನಮಗೆ 'ಮೂಲ' ಎಂದರೆ ನಮ್ಮ ಮೇಲೆ ಇನ್ನೊಬ್ಬನ ಹಕ್ಕು. ಒಂದೇ ಪದ. ಒಬ್ಬನಿಗೆ ಪಟ್ಟೆ, ಇನ್ನೊಬ್ಬನಿಗೆ ಬೇಡಿ. ಬುಡ ಹುಡುಕಲಾಗದಷ್ಟು ಹಳೆಯದು ಅಂತ ಮನ್ರೋ ಧಣಿಯ ಆಸ್ತಿಯ ಬಗ್ಗೆ ಬರೆದನಲ್ಲ, ಆ ಆಸ್ತಿಯೊಳಗೆ ನಾವೂ ಇದ್ದೆವು.

ಇದು ಬರೀ ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. 1801ರಲ್ಲಿ ಕೆನರಾದ ಕಲೆಕ್ಟರ್ ಗುಲಾಮರ ಸಂಖ್ಯೆ ಸುಮಾರು 52 ಸಾವಿರ ಅಂತ ಲೆಕ್ಕ ಕೊಟ್ಟ. 1819ರಲ್ಲಿ ಇನ್ನೊಬ್ಬ ಕಲೆಕ್ಟರ್ ಸುಮಾರು 82 ಸಾವಿರ ಅಂದ. 1801ರಲ್ಲೇ ಈ ದಾರಿಯಾಗಿ ಹಾದುಹೋದ ಇನ್ನೊಬ್ಬ ಸ್ಕಾಟ್ಲೆಂಡಿನವ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್, ಪಕ್ಕದ ಮಲಬಾರಿನಲ್ಲಿ ಧಣಿಯಾದವನು ತನ್ನ ಆಳುಗಳನ್ನು ಮಾರಬಹುದು, ಅಡವಿಡಬಹುದು, ಗೇಣಿಗೂ ಕೊಡಬಹುದು ಅಂತ ಬರೆದಿಟ್ಟ. ಗದ್ದೆಯನ್ನು ಏನೇನು ಮಾಡಬಹುದೋ ಮನುಷ್ಯನನ್ನೂ ಅದನ್ನೇ ಮಾಡಬಹುದು. ಗ್ಲಾಸ್ಗೋದ ಹೊಗೆಸೊಪ್ಪಿನ ಮನೆಯಿಂದ ಹೊರಟ ಹುಡುಗ ಕೊನೆಗೆ ಬಂದು ಮುಟ್ಟಿದ್ದು ಇಂಥ ಸೀಮೆಗೆ. ಕಡಲು ಬೇರೆ, ಬೆಳೆ ಬೇರೆ. ದುಡಿದವನ ಪಾಡು ಒಂದೇ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದ. ರೈತವಾರಿ ಪದ್ಧತಿ ಅವನ ಹೆಸರಿಗೆ ಅಂಟಿಕೊಂಡಿದೆ. ಆದರೆ ರೈತ ಎಂದರೆ ಯಾರು? ಕಡತದಲ್ಲಿ ಹೆಸರಿದ್ದವನು. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನಲ್ಲ. ಅವನು ಏಳು ವರ್ಷ ಗವರ್ನರ್ ಆಗಿದ್ದರೂ ನಮ್ಮ ಬೇಡಿ ಕಳಚುವ ಕಾನೂನು ಬರಲಿಲ್ಲ. 1833ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಗುಲಾಮಗಿರಿ ರದ್ದು ಮಾಡಿ ಜಗತ್ತಿನೆದುರು ಬೆನ್ನು ತಟ್ಟಿಕೊಂಡಿತು. ಪರಿಹಾರ ಅಂತ 2 ಕೋಟಿ ಪೌಂಡು ಹಂಚಿತು, ಗುಲಾಮರಿಗಲ್ಲ, ಗುಲಾಮರ ಒಡೆಯರಿಗೆ. ಆ ಕಾನೂನು ಕಂಪನಿಯ ಸೀಮೆಗಳನ್ನು ಹೊರಗೇ ಇಟ್ಟಿತ್ತು. ಇಲ್ಲಿಯ ಕೋರ್ಟು ಗುಲಾಮಗಿರಿಯನ್ನು ಹಕ್ಕೆಂದು ಒಪ್ಪಬಾರದು ಅಂತ ಕಾನೂನು ಬಂದದ್ದು 1843ರಲ್ಲಿ. ಅದು ಅಪರಾಧ ಅಂತ ಬರೆದದ್ದು 1860ರ ದಂಡ ಸಂಹಿತೆಯಲ್ಲಿ.

ಆದರೆ ನೋಡಿ, ಒಂದು ಬಾಗಿಲು ತೆರೆಯುವಾಗ ಇನ್ನೊಂದು ಮುಚ್ಚಿತು. 1859ರಲ್ಲಿ ಇನ್ನೊಂದು ಕಾನೂನು ಬಂತು. ಮುಂಗಡ ತಗೊಂಡ ಕೂಲಿ ಕೆಲಸ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು. ಅದು ಕಾಫಿ ಸೀಮೆಗೂ ಹಬ್ಬಿತು. ಕರಾವಳಿಯ ನಮ್ಮ ಜನ ಘಟ್ಟ ಹತ್ತಿ ಕೊಡಗಿನ, ಚಿಕ್ಕಮಗಳೂರಿನ ತೋಟಗಳಿಗೆ ಹೋದದ್ದು ಈ ಮುಂಗಡದ ಹಗ್ಗ ಕಟ್ಟಿಸಿಕೊಂಡೇ. ಶಿವರಾಮ ಕಾರಂತರ ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟಕ್ಕೆ ಹೋದದ್ದು ಕಾದಂಬರಿಯ ಕಲ್ಪನೆ ಮಾತ್ರ ಅಲ್ಲ. ಅದು ನಮ್ಮ ಮನೆ ಮನೆಯ ವಲಸೆಯ ಚರಿತ್ರೆ. ಆ ಕಾನೂನು 1925ರ ತನಕ ರದ್ದಾಗಲಿಲ್ಲ.

ಇನ್ನು ನಮ್ಮ ಮೂಲ ಹುಡುಕುವ ಕೆಲಸ. ಪುಸ್ತಕದಲ್ಲಿ ಇಲ್ಲವಲ್ಲ, ಅದಕ್ಕೆ ಕಾಪುವಿನ ಹತ್ತಿರ ನಮ್ಮ ಅಜ್ಜಿಯ ಬಳಿ ಹೋದೆವು. ಅವರಿಗೆ ಕನ್ನಡ ಬಾರದು. ನಾವು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇವೆ, ಅವರು ಹೇಳಿದ್ದು ತುಳುವಿನಲ್ಲಿ.

'ಅಜ್ಜೀ, ನಿಮ್ಮ ಅಪ್ಪನ ಅಪ್ಪನ ಹೆಸರೆಂತ?'

'ಎಂತಕ್ಕೆ ಮಗಾ ಸತ್ತವರ ಹೆಸರು? ರೇಷನ್ ಕಾರ್ಡಿಗಾ?'

'ಅಲ್ಲ, ಬರೆದಿಡಲಿಕ್ಕೆ.'

ಅಜ್ಜಿ ನಕ್ಕರು. 'ಬರೆದಿಡಲಿಕ್ಕೆ ನಾವೇನು ಬೀಡಿನವರಾ?' ಅಂದರು. ಆಮೇಲೆ ಬೆರಳು ಮಡಚಿ ಎಣಿಸಿದರು. ಮೂರನೆ ತಲೆಮಾರಿಗೆ ಬೆರಳು ನಿಂತಿತು. ನೆನಪಿಗೆ ಬಂದ ಹೆಸರುಗಳೆಲ್ಲ ವಾರದ ಹೆಸರುಗಳು!

ನಮ್ಮ ಸೀಮೆಯವರಿಗೆ ಇದು ಗೊತ್ತು. ಭಾನುವಾರ ಹುಟ್ಟಿದವ ಐತ. ಸೋಮವಾರದವ ತೋಮ. ಮಂಗಳವಾರದವ ಅಂಗಾರ. ಬುಧವಾರದವ ಬೂದ. ಗುರುವಾರದವ ಗುರುವ. ಶುಕ್ರವಾರದವ ತುಕ್ರ. ಶನಿವಾರದವ ತನಿಯ. ದೇವರ ಹೆಸರು ಇಟ್ಟರೆ ಧಣಿ ಸುಮ್ಮನಿರಲಿಕ್ಕಿಲ್ಲ. ಹಾಗಾಗಿ ಹುಟ್ಟಿದ ವಾರವೇ ಹೆಸರಾಯಿತು. ಮನ್ರೋನಿಗೆ ತಾರೀಕು ಉಂಟು: 1761ರ ಮೇ 27. ನಮ್ಮ ಮುತ್ತಜ್ಜನಿಗೆ ವಾರ ಉಂಟು, ತಾರೀಕಿಲ್ಲ. ಅವನು ಶುಕ್ರವಾರ ಹುಟ್ಟಿದ. ಯಾವ ಶುಕ್ರವಾರ? ಯಾವ ವರ್ಷದ ಶುಕ್ರವಾರ? ಒಂದೇ ಕೇರಿಯಲ್ಲಿ ನಾಲ್ಕು ತುಕ್ರರು, ಮೂರು ಗುರುವರು. ಕಡತದಲ್ಲಿ ಬರೆದರೂ ಯಾರು ಯಾರೆಂದು ತಿಳಿಯುವ ಹಾಗಿಲ್ಲ. ಏಳು ದಿನದ ಒಂದು ವಾರ, ಇದು ನಮ್ಮ ಇಡೀ ವಂಶವೃಕ್ಷ.

ಕಾಪುವಿನ ಮಾರಿ ಹಿಂದೆ ದಂಡಿನ ಜೊತೆ ಬಂದವಳು ಅಂತ ಹಿರಿಯರು ಹೇಳುತ್ತಾರೆ. ದಂಡು ಹೋಯಿತು, ಮಾರಿ ಉಳಿದಳು. ದೇವತೆಗೂ ಬಂದ ದಾರಿಯ ಕತೆ ಉಂಟು. ಅವಳ ಜಾತ್ರೆಗೆ ಕೆಲಸ ಮಾಡಿದ ನಮಗೆ ಇಲ್ಲ.

ಹಾಗಂತ ನಮ್ಮ ಜನ ಏನನ್ನೂ ನೆನಪಿಟ್ಟಿಲ್ಲವೆ? ಕಾರ್ಕಳಕ್ಕೆ ಬನ್ನಿ. ಬಂಡೆಯ ಮೇಲೆ 42 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. 1432ರ ಫೆಬ್ರವರಿ 13ರಂದು ನಿಲ್ಲಿಸಿದ್ದು. ಪಕ್ಕದಲ್ಲಿ ಶಾಸನ ಉಂಟು. ಭೈರವರಸನ ಮಗ ವೀರಪಾಂಡ್ಯ ಮಾಡಿಸಿದ, ಗುರು ಲಲಿತಕೀರ್ತಿ ಹೇಳಿ ಮಾಡಿಸಿದ ಅಂತ ಬರೆದಿದೆ. ಅಪ್ಪನ ಹೆಸರು, ಮಗನ ಹೆಸರು, ಗುರುವಿನ ಹೆಸರು. ಕಲ್ಲು ಕಡಿದವನ ಹೆಸರು ಎಲ್ಲಿ? ಅದು ಶಾಸನದಲ್ಲಿಲ್ಲ, ಪಾಡ್ದನದಲ್ಲಿದೆ. ಕಲ್ಕುಡ ಎಂಬ ಕಲ್ಲುಕುಟಿಗ ಗೊಮ್ಮಟನನ್ನು ಕಡಿದ. ಇಂಥದ್ದು ಇನ್ನೊಂದು ಊರಲ್ಲಿ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನೂ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸನನ್ನು ಕಾಡಿದರು ಅಂತ ನಮ್ಮ ಹೆಂಗಸರು ನೇಜಿ ನೆಡುವ ಗದ್ದೆಯಲ್ಲೂ ಹಾಡಿದ್ದಾರೆ. ಪಾಡ್ದನವನ್ನು ನಾವು ಇದ್ದದ್ದು ಇದ್ದ ಹಾಗೆ ನಡೆದ ಘಟನೆ ಅನ್ನುವುದಿಲ್ಲ. ಆದರೆ ದುಡಿದ ಕೈಗೆ ಏನಾಯಿತು ಅಂತ ಕೇಳುವ ಪ್ರಶ್ನೆಯನ್ನು ಶಾಸನ ಕೇಳಲೇ ಇಲ್ಲ, ಪಾಡ್ದನ ಕೇಳಿತು. ಅದು ನಮ್ಮ ಕಡತ. ಬಾಯಿಂದ ಬಾಯಿಗೆ ಬಂದ ಕಡತ.

ದಂಡಿನ ಮಾತು ಬಂತಲ್ಲ, ಅಲ್ಲಿಯೂ ನಮ್ಮವರ ಒಂದು ಕತೆ ಉಂಟು. 1817-18ರಲ್ಲಿ ಪೇಶ್ವೆಯ ಮೇಲೆ ಯುದ್ಧ ನಡೆದಾಗ ಮನ್ರೋ ಮತ್ತೆ ಕತ್ತಿ ಹಿಡಿದು ಗದಗ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿಗಳನ್ನು ಗೆದ್ದ. ಅದೇ ಯುದ್ಧದಲ್ಲಿ, 1818ರ ಜನವರಿ 1ರಂದು, ಭೀಮಾ ನದಿಯ ದಂಡೆಯ ಕೋರೆಗಾಂವಿನಲ್ಲಿ ಮಹಾರ್ ಸಿಪಾಯಿಗಳು ಪೇಶ್ವೆಯ ಪಡೆಗೆ ಎದುರು ನಿಂತರು. ಅಲ್ಲಿಯ ಕಂಬದ ಮೇಲೆ ಸತ್ತವರ ಹೆಸರು ಕೆತ್ತಿದ್ದಾರೆ. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತರು. ನೆಟ್ಟವನು ಕಂಪನಿಯವನೇ, ತನ್ನ ಜಯಕ್ಕಾಗಿ ನೆಟ್ಟದ್ದೇ. ಆದರೂ ಅಸ್ಪೃಶ್ಯನ ಹೆಸರು ಕಲ್ಲಿನ ಮೇಲೆ ಬಂದದ್ದು ಸಣ್ಣ ಮಾತಲ್ಲ.

ಬಾಬಾಸಾಹೇಬರ ವಂಶಾವಳಿ ನಮಗೆ ಗೊತ್ತಿರುವುದು ಹೇಗೆ? ಅಜ್ಜ ಮಾಲೋಜಿ ಸಕ್ಪಾಲ್ ಸಿಪಾಯಿ. ಅಪ್ಪ ರಾಮಜಿ ಸುಬೇದಾರ್, ದಂಡಿನ ಶಾಲೆಯ ಮೇಷ್ಟರು. ಮಗ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡಿನಲ್ಲಿ. ಸೈನ್ಯ ರಿಜಿಸ್ಟರ್ ಇಡುತ್ತಿತ್ತು, ಶಾಲೆ ನಡೆಸುತ್ತಿತ್ತು. ಆ ಒಂದು ಕಿಂಡಿಯಿಂದ ಬೆಳಕು ಬಂತು. ಕೆಲವೇ ವರ್ಷಗಳಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿದರು. ದಂಡನಾಯಕರಿಗೆ ಜಾತಿವಂತ 'ವೀರ ಜನಾಂಗ'ಗಳು ಬೇಕಾದವು. ಮಹಾರ್ ರೆಜಿಮೆಂಟ್ ಹುಟ್ಟಿದ್ದು 1941ರಲ್ಲಿ, ಜಗತ್ತಿನ ಯುದ್ಧಕ್ಕೆ ಜನ ಬೇಕಾದಾಗ. ದೊರೆಗೆ ಬೇಕಾದಾಗ ಕಿಂಡಿ ತೆರೆಯಿತು, ಬೇಡವಾದಾಗ ಮುಚ್ಚಿತು. ಮನ್ರೋನ ಮನೆತನಕ್ಕೆ ಹೀಗಾಯಿತೆ? 1825ರಲ್ಲಿ ಅವನಿಗೆ ಬ್ಯಾರೊನೆಟ್ ಬಿರುದು ಬಂತು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಡಿದು ಸತ್ತ. ಬಿರುದು ಮಕ್ಕಳಿಗೆ ಹೋಯಿತು. ಮದರಾಸಿನಲ್ಲಿ ಕುದುರೆ ಮೇಲೆ ಕೂತ ಪ್ರತಿಮೆ ಎದ್ದಿತು. ರಾಯಲಸೀಮೆಯಲ್ಲಿ ಮಕ್ಕಳಿಗೆ ಮುನ್ರೋಲಪ್ಪ ಅಂತ ಹೆಸರಿಟ್ಟರು. ಮಂತ್ರಾಲಯದ ಸ್ವಾಮಿಗಳು ಬೃಂದಾವನದಿಂದಲೇ ಅವನೊಡನೆ ಮಾತಾಡಿದರು ಎಂಬ ಕತೆಯೂ ಉಂಟು. ಯಾವ ವಿಷಯ? ಮಠದ ಜಮೀನಿನ ವಿಷಯ! ಕತೆಯಲ್ಲಿ ಕೂಡ ಕಲೆಕ್ಟರನ ಹತ್ತಿರ ಮಾತಾಡಬೇಕಾದ ವಿಷಯ ಅದೊಂದೇ.

ಹಳ್ಳಿ ಶಾಲೆಗಳ ಮೇಷ್ಟರುಗಳಿಗೆ ಇನ್ನೊಂದು ಸಂಗತಿ. 1822ರಲ್ಲಿ ಗವರ್ನರ್ ಮನ್ರೋ ಎಲ್ಲ ಜಿಲ್ಲೆಗಳಿಂದ ಲೆಕ್ಕ ಕೇಳಿದ: ಎಷ್ಟು ಶಾಲೆ, ಎಷ್ಟು ಮಕ್ಕಳು, ಯಾವ ಜಾತಿ. ಕೆನರಾದ ಕಲೆಕ್ಟರ್ ಆ ಫಾರಂ ತುಂಬಲಿಲ್ಲ. ಇಲ್ಲಿ ಓದು ಖಾಸಗಿಯಾಗಿ ನಡೆಯುತ್ತದೆ, ಲೆಕ್ಕ ಕೊಟ್ಟು ಪ್ರಯೋಜನವಿಲ್ಲ ಅಂತ ಉತ್ತರ ಬರೆದ. ಖಾಸಗಿ ಎಂದರೆ ಯಾರ ಮನೆಯ ಜಗಲಿ? ಆ ಜಗಲಿ ನಾವು ಹತ್ತುವ ಜಗಲಿಯಾಗಿರಲಿಲ್ಲ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಮುಕ್ಕಾಲು ಶತಮಾನ ಬೇಕಾಯಿತು. ನಮ್ಮ ಮನೆಗೆ ಡಿಗ್ರಿ ಬಂದದ್ದು ನಮ್ಮ ತಲೆಮಾರಿನಲ್ಲಿ. ಮನ್ರೋ ಫಾರಂ ಕಳಿಸಿ ಇನ್ನೂರು ವರ್ಷದ ಮೇಲೆ ನಾವು ಅದರ ಖಾಲಿ ಕಾಲಂ ತುಂಬುತ್ತಿದ್ದೇವೆ.

ಕಡತದ ಆಟ ಮುಗಿದಿಲ್ಲ. 1974ರ ಮಾರ್ಚ್ 1ರಂದು ಉಳುವವನೇ ಒಡೆಯ ಎಂಬ ಕಾನೂನು ಜಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಅದು ದೊಡ್ಡ ಬದಲಾವಣೆ ತಂದಿತು. ಧಣಿಗಳ, ಮಠಗಳ ಗದ್ದೆ ಗೇಣಿಯವರ ಕೈಗೆ ಬಂತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನಮೂನೆ 7 ತುಂಬಲು ಗೇಣಿಯ ಹಕ್ಕು ತೋರಿಸಬೇಕು. ಗೇಣಿಯೇ ಸಿಗದೆ, ಆ ಗೇಣಿದಾರನ ಕೈಕೆಳಗೂ ಕೂಲಿಯಾಗಿ ದುಡಿದವನು ಏನು ತೋರಿಸುವುದು? ಅವನಿಗೆ ಸಿಕ್ಕಿದ್ದು ಬಹಳವಾದರೆ ಗುಡಿಸಲ ಅಡಿಯ ನಾಲ್ಕು ಸೆಂಟ್ಸು. ಮದರಾಸು ಸರಕಾರದ ಕಾಲದಲ್ಲಿ ನಮಗಂತ ತೆಗೆದಿಟ್ಟ 'ಡಿ.ಸಿ. ಮನ್ನಾ' ಜಮೀನು ಉಂಟಲ್ಲ, ಅದನ್ನು ನಮಗೆ ಹಂಚಿ ಅಂತ ನಮ್ಮ ಸಂಘಟನೆಗಳು ಉಡುಪಿಯ, ಮಂಗಳೂರಿನ ಕಚೇರಿಗಳ ಮುಂದೆ ಧರಣಿ ಕೂತಿವೆ. ಕಚೇರಿಯಲ್ಲಿ ಕೇಳುವ ಮೊದಲ ಮಾತು ಯಾವುದು ಗೊತ್ತೆ? 'ದಾಖಲೆ ತನ್ನಿ.'

ತರುತ್ತೇವೆ. ಆದರೆ ದಾಖಲೆಯನ್ನು ಇನ್ನು ನಾವೇ ಬರೆಯಬೇಕು. ಇದನ್ನು ಓದುವ ಮೇಷ್ಟರೇ, ನಿಮ್ಮ ತರಗತಿಯ ಮಕ್ಕಳಿಗೆ ವೀರಪಾಂಡ್ಯನ ಇಸವಿ ಕಲಿಸಿ, ಮನ್ರೋನ ಇಸವಿಯನ್ನೂ ಕಲಿಸಿ. ಹಾಗೆಯೇ ಒಂದು ದಿನ ಮನೆಗೆ ಹೋಗಿ ಅಜ್ಜಿಯ ಹೆಸರು, ಅವಳ ಅಮ್ಮನ ಹೆಸರು, ಅವರು ಯಾವ ಗದ್ದೆಯಲ್ಲಿ ನೇಜಿ ನೆಟ್ಟರು, ಯಾವ ತೋಟಕ್ಕೆ ಘಟ್ಟ ಹತ್ತಿದರು, ಯಾರು ವಾಪಸು ಬರಲಿಲ್ಲ ಅಂತ ಬರೆದುಕೊಂಡು ಬರಲು ಹೇಳಿ. ವಿದ್ಯಾರ್ಥಿ ಗೆಳೆಯರೇ, ತಾಲೂಕು ಕಚೇರಿಯ ಅಡಂಗಲ್ ತೆರೆಸಿ ನೋಡಿ. ಯಾವ ಸರ್ವೆ ನಂಬ್ರ ಯಾರ ಹೆಸರಿನಲ್ಲಿತ್ತು, ಯಾರ ಹೆಸರಿಗೆ ಹೋಯಿತು ಅಂತ ಬರೆದಿಡಿ. ಆ ಕಾಗದವೇ ನಾಳೆ ಧರಣಿಯಲ್ಲಿ ಕೈಗೆ ಬರುವುದು.

ನಾವು ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದು ಕರೆದರು. 'ಮಗಾ, ಇನ್ನೊಂದು ನೆನಪಾಯಿತು. ನನ್ನ ಅಪ್ಪನ ಅಮ್ಮ ಶನಿವಾರದವಳು. ಪ್ರಾಯದಲ್ಲಿ ಕಾರ್ಕಳದ ಕಡೆಯಿಂದ ಬಂದವಳಂತೆ. ಅದನ್ನೂ ಬರಿ.'

ಬರೆದಿದ್ದೇವೆ.